ಅಜ್ಜನ ತೋಳಿಗೊಂದು ಸೂಜಿ

ಮಕ್ಕಳಿಗೆ ಲಸಿಕೆ ಹಾಕಿಸುವ ದಿನ ಬಂತೆಂದರೆ ದಾವಣಗೆರೆಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುವವರು ನಮ್ಮ ತಂದೆ. ಮೊಮ್ಮಗಳು ಹುಟ್ಟಿದಾಗಿನ ಬಿಸಿಜಿ ಎಂಬ ಕ್ಷಯದ ಲಸಿಕೆ, ಪೋಲಿಯೊ ಹನಿ, 6, 10 ಮತ್ತು 14ನೆಯ ವಾರಗಳಲ್ಲಿ ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್, 9 ತಿಂಗಳಿಗೆ ದಡಾರ-ರುಬೆಲ್ಲಾ, ಹೀಗೆ ಎಲ್ಲದಕ್ಕೂ ಅವರದೇ ಮುಂದಾಳತ್ವ. “ಇರುವೆ ಕಚ್ಚಿದಂಗೆ ಆಗ್ತೈತಿ, ಅಷ್ಟೇ ಪುಟ್ಟಿ” ಎಂಬ ಅವರ ಆಶ್ವಾಸನೆಯನ್ನು ಆ ಕೂಸು ಪ್ರತಿ ಸಲವೂ ನಂಬಿ, ಪ್ರತಿ ಸಲವೂ ಆರೋಗ್ಯ ಕೇಂದ್ರದ ಹೆಂಚು ಹಾರಿಹೋಗುವಂತೆ ಅತ್ತಿತ್ತು.

5 ವರ್ಷ ತುಂಬಿದ ಮೇಲೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ಕೊಡುವ ಡಿಪಿಟಿ ಬೂಸ್ಟರ್‌ನ ದಿನ ಮಾತ್ರ ಅವಳು ಅಳಲಿಲ್ಲ. ಸೂಜಿ ತೋಳಿಗೆ ಇಳಿದು ಹೊರಬರುವವರೆಗೂ ಕಣ್ಣು ಮಿಟುಕಿಸದೆ ನೋಡಿ, “ಅಜ್ಜಂಗೆ ಯಾವಾಗ?” ಎಂದು ಕೇಳಿದಳು. ಸಿಸ್ಟರ್ ದಾಖಲೆ ಪುಸ್ತಕದಿಂದ ತಲೆ ಎತ್ತದೆಯೇ, “ಯಜಮಾನ್ರಿಗೆ ಅರವತ್ತೈದು ದಾಟೈತಲ್ರೀ, ಫ್ಲೂ ಇಂಜೆಕ್ಷನ್ ಆಗೈತೇನು? ನಮ್ಮಲ್ಲಿ ಮಕ್ಕಳಿಗೆ, ಬಸುರಿಯರಿಗೆ ಅಷ್ಟೇ. ನಿಮ್ಮ ಡಾಕ್ಟರ್ನ ಕೇಳ್ರಿ” ಎಂದರು.

ತಂದೆಯವರು ಅಂಗಿಯ ತೋಳು ಮಡಚಿ, ಶಾಲೆಗೆ ಹೋಗುವಾಗ ಸಿಡುಬಿನ ವಿರುದ್ಧ ಹಾಕಿಸಿಕೊಂಡಿದ್ದ ಲಸಿಕೆಯ ಎರಡು ಗುಂಡನೆಯ ಕಲೆಗಳನ್ನು ಸ್ವಾತಂತ್ರ್ಯ ಹೋರಾಟಗಾರರ ಗತ್ತಿನಲ್ಲಿ ಪ್ರದರ್ಶಿಸಿದರು. ಸಿಡುಬು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿಯಾಗಿದೆ. ಇಲ್ಲದ ಶತ್ರುವಿನ ವಿರುದ್ಧದ ಈ ಕವಚ ಫ್ಲೂಗೆ ಉಪಯೋಗವಿಲ್ಲವೆಂದು ನಾನು ವಿವರಿಸಿದೆ. ಮರುದಿನದಿಂದ ನೆಪಗಳ ಸರಣಿ ಆರಂಭವಾಯಿತು. ಅಮಾವಾಸ್ಯೆ ಕಳೆಯಲಿ, ಕೆಮ್ಮು ನಿಲ್ಲಲಿ, ಸಕ್ಕರೆ ಹಿಡಿತಕ್ಕೆ ಬರಲಿ ಎಂದರು. ಸಕ್ಕರೆ ಕಾಯಿಲೆಯವರಿಗೇ ಈ ಲಸಿಕೆ ಹೆಚ್ಚು ಅಗತ್ಯವೆಂದು ತಿಳಿದಾಗ, ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದನ್ನೇ ಅನುಮಾನಿಸತೊಡಗಿದರು. ವೈರಸ್ಸು ಸದಾ ವೇಷ ಬದಲಿಸುವುದರಿಂದ ಫ್ಲೂ ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಿಕೊಳ್ಳಬೇಕೆಂಬ ಮಾತನ್ನು ನಾನು ಆಗ ಬಾಯಿಬಿಡದಿದ್ದುದೇ ಪುಣ್ಯ.

ಅವರನ್ನು ಕದಲಿಸಿದ್ದು ನನ್ನ ವಾದವಲ್ಲ, ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರ ಸೊಂಟಕ್ಕೆ ಎದ್ದ ಸರ್ಪಸುತ್ತು. ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು, ಹಾವಿನ ತಲೆ ಬಾಲ ಎಲ್ಲಿ ಕೂಡಿಬಿಡುತ್ತದೋ ಎಂದು ಗಂಟೆಗೊಮ್ಮೆ ಕನ್ನಡಿ ನೋಡುತ್ತಿದ್ದ ಆ ಹಿರಿಯರನ್ನು ಕಂಡು ಬಂದ ತಂದೆಯವರು ಅಂದು ಮಂಡಕ್ಕಿಯನ್ನೂ ಮುಟ್ಟಲಿಲ್ಲ. ಎಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸೇ ನರದೊಳಗೆ ಅಡಗಿದ್ದು ಇಳಿವಯಸ್ಸಿನಲ್ಲಿ ಹೀಗೆ ಏಳುತ್ತದೆ, ಅದು ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ಸೀಮಿತವಾದ್ದರಿಂದ ತಲೆ ಬಾಲ ಕೂಡುವ ಭಯ ಬೇಡ, ಆದರೆ ನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಉಳಿಯಬಹುದು ಎಂದು ವೈದ್ಯರು ತಿಳಿಸಿದರು. ಅದಕ್ಕೂ ಲಸಿಕೆಯುಂಟು, 2ರಿಂದ 6 ತಿಂಗಳ ಅಂತರದಲ್ಲಿ 2 ಡೋಸು ಎಂದರು. ಬೆಲೆ ಕೇಳಿದ ಮೇಲೆ ಫ್ಲೂ ಲಸಿಕೆ ತಂದೆಯವರ ಕಣ್ಣಿಗೆ ಬಹಳ ಸಾಧುವಾಗಿ ಕಂಡಿತು.

ಹಾಕಿದ್ದು ಕ್ಷಣದ ಕೆಲಸ. ಕಷ್ಟವಾದದ್ದು ಆಮೇಲಿನ ಅರ್ಧ ಗಂಟೆ. ಅಪರೂಪಕ್ಕೆ ಅಲರ್ಜಿಯಾದರೆ ಕೈಗೆ ಸಿಗುವಂತಿರಲೆಂದು ಕುಳ್ಳಿರಿಸುವ ಆ ಅವಧಿಯಲ್ಲಿ ಅವರು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿದರು, ಆಸ್ತಿಪತ್ರ ಯಾವ ಬೀರುವಿನಲ್ಲಿದೆಯೆಂದು ನನಗೆ ತಿಳಿಸಿದರು, ಕಡೆಯ ಹತ್ತು ನಿಮಿಷಗಳಲ್ಲಿ ಚೇತರಿಸಿಕೊಂಡು ಬೆಣ್ಣೆ ದೋಸೆಯ ಪ್ರಸ್ತಾಪ ಮಾಡಿದರು.

ಸಂಜೆ ತೋಳು ತುಸು ನೋಯತೊಡಗಿತು. ಅದು ಸಹಜವೆಂದು ಮೊದಲೇ ಹೇಳಿದ್ದರೂ, ಮಂಚ ಹಿಡಿದು ಗಂಜಿಗೆ ಅಪ್ಪಣೆ ಕೊಟ್ಟರು. ಅಮ್ಮ ಒಲೆಯ ಮುಂದಿನಿಂದಲೇ, “ನಂಗೂ ಹಂಗೇ ಆಗಿತ್ತು, ರೊಟ್ಟಿ ಬಡಿಯಾಕೆ ತೋಳೇ ಏಳ್ತಿರಲಿಲ್ಲ” ಎಂದರು. ಹಿಂದಿನ ತಿಂಗಳು ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆಂದು ಎದುರು ಮನೆಯವರ ಜೊತೆ ಹೊರಟ ದಿನವೇ ಲಸಿಕೆ ಹಾಕಿಸಿಕೊಂಡು ಬಂದಿದ್ದರಂತೆ. ರವಿಕೆಯ ಬಟ್ಟೆ ಇನ್ನೂ ಚೀಲದಲ್ಲೇ ಇದೆ.