ಕಸ ಬೀಳುವ ತನಕ ಕಾಯಬೇಕಾ?

"ಆಕಳು ಈದ ಮೇಲೆ ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬೇಡಿ." ಭಾಲ್ಕಿ ಕಡೆ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು. ಕಸ ಅಂದರೆ ಕರು ಹುಟ್ಟಿದ ಮೇಲೆ ಬೀಳುವ ಮಾಸು.

ಗಬ್ಬದ ಕೊನೆಯ ವಾರಗಳಲ್ಲೇ ಕೆಚ್ಚಲು ತುಂಬಿಕೊಂಡು ಗಿಣ್ಣದ ಹಾಲು ತಯಾರಾಗಿರುತ್ತದೆ. ಅಲ್ಲಿವರೆಗೆ ಹಾಲನ್ನು ತಡೆಹಿಡಿದದ್ದು ಗಬ್ಬ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್. ಈಯುವ ಹೊತ್ತಿಗೆ ಅದು ಇಳಿಯುತ್ತದೆ, ಹಾಲು ತಯಾರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕೆಲಸ ಶುರು ಮಾಡುತ್ತದೆ. ಕರು ಮೊಲೆ ಚೀಪಿದರೆ ಆಕ್ಸಿಟೋಸಿನ್ ಅನ್ನೋ ಇನ್ನೊಂದು ಹಾರ್ಮೋನ್ ಬರುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶ ಹಿಂಡುವುದೂ ಅದೇ. ಅಂದರೆ ಕಸ ಬೀಳಲು ಸಹಾಯವೇ ಆಯ್ತು, ಅಲ್ವಾ?

ರೋಗ ತಡೆಯುವ ಶಕ್ತಿ ಕರುವಿಗೆ ಗಿಣ್ಣದಿಂದಲೇ ಬರಬೇಕು. ಅದನ್ನು ಹೀರುವ ಕರುಳಿನ ಬಾಗಿಲು ಸುಮಾರು 24 ಗಂಟೆಯಲ್ಲಿ ಮುಚ್ಚುತ್ತದೆ. ಅದಕ್ಕೇ ಮೊದಲ ಒಂದೆರಡು ಗಂಟೆಯಲ್ಲೇ ಕುಡಿಸಿ. ಗಿಣ್ಣದ ಆಸೆ ನಮಗೂ ಇದೆ, ಆದರೆ ಮೊದಲ ಪಾಲು ಕರುವಿಂದು. 12 ಗಂಟೆ ದಾಟಿದರೂ ಕಸ ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ, ಕೈಯಿಂದ ಎಳೆಯಬೇಡಿ.