ಎರಡು ಆಗಿ ಬರ್ರಿ

ರಾಯಚೂರಿನ ಬಿಸಿಲಿಗೂ ಕರಗದ ವಸ್ತು ಎರಡೇ: ಲ್ಯಾಬಿನ ಪ್ಯಾರಾಫಿನ್ ಬ್ಲಾಕು ಮತ್ತು ಸರ್ಕಾರಿ ಫೈಲು. ಬ್ಲಾಕಿನ ಮೇಣ ಕರಗಲು 56 ಡಿಗ್ರಿ ಆಸುಪಾಸು ಬೇಕು, ನಮ್ಮ ಮೇ ತಿಂಗಳು ಇನ್ನೂ ಪ್ರಯತ್ನದಲ್ಲಿದೆ. ಫೈಲಿಗೆ ಎಷ್ಟು ಬೇಕೋ ಯಾರೂ ಅಳೆದಿಲ್ಲ.

ನಮ್ಮಕ್ಕನ ಎದೆಗಂಟಿನ ತುಣುಕು ಆ ಮೇಣದೊಳಗೆ ಕೂತು, ಹಳೇ ಸ್ವೀಟ್ ಡಬ್ಬಿಯಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಕ್ಯಾನ್ಸರ್ ಬೆಳೆಸುವ ಹರ್-ಟೂ ಪ್ರೋಟೀನು ಹೆಚ್ಚಿದೆಯೇ ಎಂದು ಊರಲ್ಲಿ ಮಾಡಿಸಿದ ಪರೀಕ್ಷೆ ‘2+’ ಅಂದಿತ್ತು. 0, 1+ ಬಂದರೆ ಇಲ್ಲ, 3+ ಬಂದರೆ ಹೌದು. 2+ ಅಂದರೆ ಹೆಣ್ಣು ನೋಡಿ ಹೋದವರು ಹೊಸ್ತಿಲು ದಾಟುವಾಗ ಹೇಳುವ ‘ಹೇಳಿ ಕಳಸ್ತೀವ್ರಿ’. ಆಗ ಫಿಶ್ ಮಾಡಿಸಬೇಕು. ಹೆಸರು ಕೇಳಿಯೇ ಅಕ್ಕ ಹೌಹಾರಿದಳು, ಅವತ್ತು ಸೋಮವಾರ.

ಇದು ಗಡ್ಡೆಯ ಜೀವಕೋಶದಲ್ಲಿ ಚುಕ್ಕಿ ಎಣಿಸುವ ಫಿಶ್ ಪರೀಕ್ಷೆ. ಹರ್-ಟೂ ವಂಶವಾಹಿಯ ಮನೆ 17ನೇ ಕ್ರೋಮೋಸೋಮು. ವಂಶವಾಹಿಗೆ ಕೆಂಪು ಚುಕ್ಕಿ, ಕ್ರೋಮೋಸೋಮಿನ ಸೊಂಟವಾದ ಸೆಂಟ್ರೋಮಿಯರಿಗೆ ಹಸಿರು ಚುಕ್ಕಿ. ಕೆಂಪನ್ನು ಹಸಿರಿನಿಂದ ಭಾಗಿಸಿ 2 ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ಹರ್-ಟೂವನ್ನೇ ಹಿಡಿದು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ನಿಗೆ ದಾರಿ ಸಲೀಸು. ಅಮೆರಿಕದವರು ಅದಕ್ಕೆ ಒಪ್ಪಿಗೆ ಕೊಟ್ಟದ್ದು 1998ರಲ್ಲಿ. ನಮ್ಮ ಸರ್ಕಾರಿ ಯೋಜನೆಯ ಕೌಂಟರಿನವರದ್ದು ಬಾಕಿ ಇದೆ.

ಸಾದಾ ಜೀವಕೋಶದಲ್ಲಿ ಕೆಂಪು 2, ಹಸಿರು 2. ಅಕ್ಕನ ಗಡ್ಡೆಯಲ್ಲಿ ಕೆಂಪು ಸರಾಸರಿ 6.6. ಇಷ್ಟಕ್ಕೇ ಫೈಲು ಓಡಬೇಕಿತ್ತು. ಆದರೆ ಹಸಿರೂ 3.6ಕ್ಕೆ ಏರಿ ಕೂತಿತ್ತು. ಭಾಗಿಸಿದರೆ 1.83. ಗಂಜ್‌ನಲ್ಲಿ ಹತ್ತಿ ತೂಗುವಾಗ ರೈತನದ್ದೇ ಒಂದು ಹಿಡಿ ಹತ್ತಿಯನ್ನು ಕಲ್ಲಿನ ತಟ್ಟೆಗೂ ಸೇರಿಸಿದರೆ ತೂಕ ಏನಾಗುತ್ತದೋ ಅದೇ ಇಲ್ಲೂ ಆಗಿದೆ. ಇಡೀ 17ನೇ ಕ್ರೋಮೋಸೋಮೇ ಹೆಚ್ಚಾಗಬೇಕೆಂದೂ ಇಲ್ಲ. ಎಷ್ಟೋ ಸಲ ಸೊಂಟದ ಭಾಗವೊಂದೇ ಉಬ್ಬಿ ಲೆಕ್ಕ ಕೆಡಿಸುತ್ತದೆ.

ಲ್ಯಾಬಿನವರಿಗೆ ಇದು ಗೊತ್ತು. 2018ರ ಅಮೆರಿಕದ ಮಾರ್ಗಸೂಚಿಯಲ್ಲೇ ಇದೆ: ಭಾಗಲಬ್ಧ 2ಕ್ಕಿಂತ ಕಡಿಮೆ, ಆದರೆ ಕೆಂಪು 6 ಅಥವಾ ಹೆಚ್ಚು, ಮೊದಲ ಪರೀಕ್ಷೆ 2+ ಎಂದಿದ್ದರೆ, ಮೊದಲ ಲೆಕ್ಕ ನೋಡದ ಇನ್ನೊಬ್ಬರು ಕನಿಷ್ಠ 20 ಕೋಶ ಎಣಿಸಬೇಕು. ಆಗಲೂ ಹಾಗೇ ಬಂದರೆ ಪಾಸಿಟಿವ್. ಎಣಿಸಿದರು. ಕೆಂಪು 6.4, ಹಸಿರು 3.5. ಭಾಗಿಸಿದರೆ ಮತ್ತದೇ 1.83. ವರದಿಯಲ್ಲಿ ದಪ್ಪಕ್ಷರದಲ್ಲಿ ‘ಪಾಸಿಟಿವ್’ ಎಂದು ಬರೆದು ಸಹಿ ಹಾಕಿದರು.

ಔಷಧದ ಖರ್ಚು ಕೊಡಬೇಕಾದ ಯೋಜನೆಯ ಕೌಂಟರಿನಲ್ಲಿ ಕೂತವರು ದಪ್ಪಕ್ಷರ ಓದಲಿಲ್ಲ.

“ಎರಡು ಆಗಿಲ್ಲಲ್ರಿ. ಎರಡು ಆಗಿ ಬರ್ರಿ.”

“ಕೆಳಗ ಪಾಸಿಟಿವ್ ಅಂತ ಬರದಾರಲ್ರಿ?”

“ಕಾಲಮಿನ್ಯಾಗ ನಂಬರ್ ಕೇಳ್ಯಾರ, ಮಾತು ಕೇಳಿಲ್ಲ. ಪಾಯಿಂಟ್ ಒಂದು ಏಳು ಕಮ್ಮಿ ಐತಿ. ಹೆಚ್ಚಿಗಿ ಬರಿಯಾಕ ನಮಗ ಪವರ್ ಇಲ್ರಿ.”

ಮೂರಿಂಚು ಡಾಂಬರನ್ನು ಆರಿಂಚು ಅಂತ ಬರೆದುಕೊಳ್ಳುವ ಸೀಮೆಯಲ್ಲಿ 0.17ಕ್ಕೆ ಪವರ್ ಇಲ್ಲ!

ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡುವ ಔಷಧವದು. ಯೋಜನೆಯವರೂ ಪಥ್ಯ ತಪ್ಪಿಸಲಿಲ್ಲ, ಮೂರು ವಾರಕ್ಕೊಮ್ಮೆ ಒಂದೊಂದು ಆಕ್ಷೇಪಣೆ ಕೊಟ್ಟರು. ಒಮ್ಮೆ ಬ್ಲಾಕಿನ ಜೆರಾಕ್ಸ್ ಕೇಳಿದರು. ಮೇಣದ ಜೆರಾಕ್ಸ್.

ನಲವತ್ತು ವರ್ಷ ಸಾಲ್ಯಾಗ ಲೆಕ್ಕ ಕಲಿಸಿದ ಅಕ್ಕನಿಗೆ ಕೊನೆಗೆ ತಡೆಯಲಾಗಲಿಲ್ಲ. ಸ್ಕಾರ್ಫು ಬಿಗಿ ಮಾಡಿಕೊಂಡು ಕೌಂಟರಿಗೆ ಬಂದಳು. ಅವರ ಪ್ಯಾಡಿನ ಮೇಲೇ ಗೆರೆ ಎಳೆದು, ಮೇಲೆ ಅಂಶ ಬರೆದಳು, ಕೆಳಗೆ ಛೇದ ಬರೆದಳು.

“ನೋಡಪಾ, ಮ್ಯಾಲಿನದು ಮೂರು ಪಟ್ಟು ಆಗೈತಿ. ಕೆಳಗ ಈ 17ನೇದ್ದು ಹೆಚ್ಚಿಗಿ ಬಂದು ಕುಂತದ, ಅದಕ್ಕ ಭಾಗಲಬ್ಧ ಸಣ್ಣದು ಕಾಣ್ತದ. ತಿಳೀತಿಲ್ಲ?”

ಅವರು ಪೂರ್ತಿ ಕೇಳಿಸಿಕೊಂಡರು. ತಲೆಯನ್ನೂ ಆಡಿಸಿದರು. ಅಕ್ಕನ ಮುಖದಲ್ಲಿ ಹಳೇ ಕ್ಲಾಸ್‌ರೂಮಿನ ಕಳೆ ಬಂತು. ಆಮೇಲೆ ಅವರು ಪೆನ್ನಿನ ಟೋಪಿ ತೆಗೆದು ಕೇಳಿದರು:

“ಈ ಹೆಚ್ಚಿಗಿ ಬಂದವ್ರ ಹೆಸರು ರೇಷನ್ ಕಾರ್ಡಿನ್ಯಾಗ ಸೇರ್ಸೀರೇನ್ರಿ?”