ಎರಡನೇ ಚರಣ ನಮಗೆ ಬರುವುದಿಲ್ಲ

ನನಗೆ ಹಳೇ ಕನ್ನಡ ಹಾಡುಗಳು ಬೇಕಾದಷ್ಟು ಬರುತ್ತವೆ. ಪಲ್ಲವಿ ಬರುತ್ತದೆ, ಮೊದಲ ಚರಣ ಬರುತ್ತದೆ. ಅಲ್ಲಿಗೆ ಕರೆಂಟು ಹೋಗುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಯಾವ ಹಾಡೂ, ಯಾವ ಸಿನಿಮಾವೂ ಪೂರ್ತಿ ಮುಗಿದದ್ದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ನಾವಿದ್ದ ಸುಂಟಿಕೊಪ್ಪದ ಕಡೆ ಅಷ್ಟಿಲ್ಲ. ಆದರೆ ಲೈನಿನ ಮೇಲೆ ಮರ ಬೀಳೋದಕ್ಕೆ ಅಷ್ಟೆಲ್ಲ ಯಾಕೆ ಬೇಕು? ಜೂನ್ ಬಂತೆಂದರೆ ಕರೆಂಟು ನೆಂಟರ ಹಾಗೆ. ಯಾವಾಗಲೋ ಬರುತ್ತಿತ್ತು, ಕೂರಿ ಅನ್ನುವಷ್ಟರಲ್ಲಿ ಹೊರಡುತ್ತಿತ್ತು.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವರಲ್ಲ, ಚೆಕ್‌ರೋಲ್ ಬರೆಯುವವರು. ಯಾವ ಆಳು ಎಷ್ಟು ದಿನ ಬಂದ, ಎಷ್ಟು ಮೂಟೆ ಗೊಬ್ಬರ ಹೋಯಿತು, ಇದೇ ಲೆಕ್ಕ. ಇಂಥ ಮನುಷ್ಯನಿಗೆ ಒಂದು ಹಳೇ ರೇಡಿಯೋದ ಹುಚ್ಚು ಇತ್ತು. ಕರೆಂಟಿಲ್ಲದಿದ್ದರೂ ಸೆಲ್ಲಿನಲ್ಲಿ ಹಾಡುತ್ತದಲ್ಲ, ಅದೇ ಅದರ ದೊಡ್ಡಸ್ತಿಕೆ.

ಹಗಲು ಮಂಗಳೂರು ಆಕಾಶವಾಣಿ, 1089 ಕಿಲೋಹರ್ಟ್ಸ್‌ನಲ್ಲಿ. ಕತ್ತಲಾದ ಮೇಲೆ ಮೀಡಿಯಂ ವೇವ್‌ನ ಅಲೆಗಳು ಆಕಾಶಕ್ಕೆ ಬಡಿದು ವಾಪಸ್ ಬಂದು ದೂರದೂರಕ್ಕೆ ಹೋಗುತ್ತವೆ. ಹಾಗಾಗಿ ರಾತ್ರಿ ಧಾರವಾಡವೂ ಬೆಂಗಳೂರೂ ತೋಟದೊಳಗೆ ಬರುತ್ತಿದ್ದವು. ಜೊತೆಗೆ ಕರೆಯದೇ ಬರುವ ಕೋಳಿಕ್ಕೋಡ್. ಕನ್ನಡದ ನಾಯಕಿ ವಿರಹದಲ್ಲಿ ಒಂದು ಸಾಲು ಹಾಡಿದರೆ, ಅದಕ್ಕೆ ಉತ್ತರ ಮಲಯಾಳಂನಲ್ಲಿ ಬರುತ್ತಿತ್ತು. ಯುಗಳ ಗೀತೆ ಅಂದರೆ ಹೀಗೇ ಇರುತ್ತದೆ ಅಂತ ನಾನು ಬಹಳ ದಿನ ನಂಬಿದ್ದೆ.

ಸೆಲ್ಲು ಇಳಿದಾಗ ಬಯಲುಸೀಮೆಯವರು ಅದನ್ನು ಬಿಸಿಲಿಗೆ ಇಡುತ್ತಿದ್ದರಂತೆ. ಜುಲೈಯಲ್ಲಿ ನಮಗೆ ಬಿಸಿಲು ಎಲ್ಲಿಂದ ತರೋದು? ಒಲೆ ಪಕ್ಕ, ಒಣಗಲು ಹಾಕಿದ ಕಾಲುಚೀಲಗಳ ಸಾಲಿನಲ್ಲೇ ಇಡುತ್ತಿದ್ದೆವು. ಬೆಚ್ಚಗಾದ ಸೆಲ್ಲು ಇನ್ನೊಂದೆರಡು ಹಾಡಿಗೆ ಉಸಿರು ಹಿಡಿಯುತ್ತಿತ್ತು. ಒಮ್ಮೆ ಒಂದು ಸೆಲ್ಲು ಕಾಲುಚೀಲದೊಳಗೆ ಉರುಳಿ ಬಿದ್ದಿದೆ. ಬೆಳಗಿನ ಕತ್ತಲಲ್ಲಿ ಅಪ್ಪ ಅದೇ ಕಾಲುಚೀಲ, ಮೇಲೆ ಗಂಬೂಟು ಹಾಕಿಕೊಂಡು ಹೊರಟರು. ನಾಲ್ಕು ಹೆಜ್ಜೆಗೆ ಕಿರುಚಿದರು. ಜಿಗಣೆ ಹೊಕ್ಕಿತು ಅಂತ ಅಮ್ಮ ಉಪ್ಪು ಹಿಡಿದು ಓಡಿದಳು. ಬೂಟು ಬಗ್ಗಿಸಿದರೆ ಕೆಂಪು ಸೆಲ್ಲು ಬಿತ್ತು. ಅಣ್ಣ ಅದನ್ನು ಒರೆಸಿ ರೇಡಿಯೋಗೆ ಹಾಕಿದ. ಪ್ರದೇಶ ಸಮಾಚಾರ ಚೆನ್ನಾಗಿಯೇ ಬಂತು.

ಈ ರೇಡಿಯೋಗೆ ಆದ ಅವಮಾನ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. 1993ರಲ್ಲಿ ಮಡಿಕೇರಿಯಲ್ಲೇ ಆಕಾಶವಾಣಿ ಬಂತು. ಇನ್ನು ಕೋಳಿಕ್ಕೋಡಿನ ಕಾಟವಿಲ್ಲ ಅಂತ ಅಪ್ಪ ಬೀಗಿದರು. ಬಂದದ್ದು ಎಫ್ಎಂ, 103.1. ಅಪ್ಪನ ರೇಡಿಯೋದಲ್ಲಿ ಎಫ್ಎಂ ಅನ್ನೋದೇ ಇರಲಿಲ್ಲ. ಧಾರವಾಡ ಕೇಳುತ್ತೆ, ಮಂಗಳೂರು ಕೇಳುತ್ತೆ, ಪಕ್ಕದ ಮಡಿಕೇರಿ ಕೇಳಲ್ಲ. ಅಪ್ಪ ಆ ರೇಡಿಯೋವನ್ನು ತಿಂಗಳುಗಟ್ಟಲೆ ಬೆನ್ನು ತಿರುಗಿಸಿ ಇಟ್ಟಿದ್ದರು.

ಅದಕ್ಕೂ ಮೊದಲೇ ಟಿವಿ ಬಂದಿತ್ತು. ಹದಿನಾಲ್ಕು ಇಂಚಿನ ಕಪ್ಪು ಬಿಳುಪು. ತಂದದ್ದು ಸುಲಭ, ಚಿತ್ರ ಬರಿಸಿದ್ದು ಕಷ್ಟ. ಮನೆ ತಗ್ಗಿನಲ್ಲಿ, ಸುತ್ತ ಗುಡ್ಡ. ಸಿಗ್ನಲ್ ಯಾವ ಸಂದಿಯಿಂದ ನುಸುಳುತ್ತದೋ ಅಂತ ಅಪ್ಪ ಬಿದಿರು ಗಳಕ್ಕೆ ಆಂಟೆನಾ ಕಟ್ಟಿಕೊಂಡು ದೇವರ ಪಲ್ಲಕ್ಕಿ ಹೊತ್ತವರ ಹಾಗೆ ತೋಟವೆಲ್ಲ ಸುತ್ತಿದರು. ಕೊನೆಗೆ ಮೇಲಿನ ಗುಡ್ಡದ ಒಂದು ಸಿಲ್ವರ್ ಮರದ ತುದಿಯಲ್ಲಿ ಚಿತ್ರ ಸಿಕ್ಕಿತು. ಮನೆಯಿಂದ ಆ ಮರ ಕೂಗಿದರೆ ಕೇಳುವಷ್ಟು ಹತ್ತಿರ ಇರಲಿಲ್ಲ. ಅದಕ್ಕೇ ನಾವು ಸಾಲಾಗಿ ನಿಲ್ಲುತ್ತಿದ್ದೆವು. ಟಿವಿ ಮುಂದೆ ಅಮ್ಮ. ಬಾಗಿಲಲ್ಲಿ ನಾನು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಅಣ್ಣ. ಮರದ ಮೇಲೆ ಅಪ್ಪ.

"ಬಂತಾ?" ಅಂತ ಅಪ್ಪ. "ಬಂತಾ?" ಅಂತ ಅಣ್ಣ. "ಬಂತಾ?" ಅಂತ ನಾನು. "ಬಂತು, ಬಂತು! ಅಯ್ಯೋ, ಹೋಯ್ತು!" ಅಂತ ಅಮ್ಮ. ಈ "ಬಂತು" ನನ್ನಿಂದ ಅಣ್ಣನಿಗೆ, ಅಣ್ಣನಿಂದ ಗುಡ್ಡಕ್ಕೆ ಏರುವ ಹೊತ್ತಿಗೆ ಇಲ್ಲಿ ಹೋಗಿ ಆಗಿರುತ್ತಿತ್ತು. "ಬಂತು" ಕೇಳಿ ಅಪ್ಪ ಗಂಟು ಬಿಗಿಯುವರು. ಆಮೇಲೆ "ಹೋಯ್ತು" ತಲುಪುವುದು, ಗಂಟು ಬಿಚ್ಚುವರು. ಅಷ್ಟರಲ್ಲಿ ಇಲ್ಲಿ ಮತ್ತೆ ಬಂದಿರುತ್ತಿತ್ತು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಕೆಂಜಿಗಗಳ ಸಂಸಾರ ಬೇರೆ. ಮೇಲಿಂದ ಆಗಾಗ ಕೇಳಿಸುತ್ತಿದ್ದ ಮಾತು ಟಿವಿಗೆ ಸಂಬಂಧಪಟ್ಟದ್ದಲ್ಲ. ಅಣ್ಣ ಅದನ್ನೂ ನಿಷ್ಠೆಯಿಂದ ಕೆಳಗೆ ದಾಟಿಸುತ್ತಿದ್ದ. ನಾನು ಅಮ್ಮನಿಗೆ ದಾಟಿಸಿ ಒಂದು ಸಲ ಏಟು ತಿಂದೆ.

ಈಗ ಜೀಪಿನ ಕತೆ. 1989ರ ಮಳೆಗಾಲ. ಭಾನುವಾರ ಬೆಳಿಗ್ಗೆ ಮಹಾಭಾರತ ಬರುತ್ತಿದ್ದ ಕಾಲ. ತೋಟದ ಆಳುಗಳ ಸಾಲುಮನೆ, ಅದೇ ಲೈನ್ ಮನೆ, ಅಲ್ಲಿಯವರೆಲ್ಲ ಮಿಂದು, ಒಳ್ಳೇ ಬಟ್ಟೆ ಹಾಕಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ತುಳು, ಮಲಯಾಳಂ, ತಮಿಳು, ಕನ್ನಡ ಎಲ್ಲ ಭಾಷೆಯವರೂ ಒಂದೇ ಚಾಪೆಯಲ್ಲಿ. ಟಿವಿಯ ಹಿಂದಿ ಯಾರಿಗೂ ಬರುತ್ತಿರಲಿಲ್ಲ, ಆದರೆ ಭೀಮ ಯಾರು ಅಂತ ಹೇಳಿಕೊಡಬೇಕಾಗಿರಲಿಲ್ಲ. ಆ ವಾರ ದ್ರೌಪದಿಯ ವಸ್ತ್ರಾಪಹರಣ. ಕರೆಂಟು ಹೋಗಿ ಮೂರು ದಿನ ಆಗಿತ್ತು.

ಆ ಟಿವಿ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತಿತ್ತು. ತೋಟದ ಜೀಪಿನ ಬ್ಯಾಟರಿಯೂ ಹನ್ನೆರಡು ವೋಲ್ಟು. ಸಾವುಕಾರರು ಊರಲ್ಲಿರಲಿಲ್ಲ. ಅಪ್ಪ ಲೆಕ್ಕದ ಮನುಷ್ಯ ಅಂದೆನಲ್ಲ. ಎರಡು ಹನ್ನೆರಡನ್ನು ಕೂಡಿಸಿದರು.

ಬ್ಯಾಟರಿ ಹಳೇದು. ದುಶ್ಶಾಸನ ಸೀರೆಗೆ ಕೈ ಹಾಕುವ ಹೊತ್ತಿಗೆ ಚಿತ್ರ ನಾಲ್ಕೂ ಅಂಚಿನಿಂದ ಸೊರಗತೊಡಗಿತು. ಸಭೆ ಕುಗ್ಗಿತು. ಪಾಂಡವರು ಕುಗ್ಗಿದರು. ದ್ರೌಪದಿ ಬೆರಳುದ್ದ ಆದಳು. ದನಿ ಬಾವಿಯೊಳಗೆ ಇಳಿಯಿತು. ಕೊನೆಗೆ ಪರದೆಯ ನಡುವೆ ಒಂದು ಬಿಳೀ ಚುಕ್ಕಿ ಉಳಿಯಿತು, ಅದೂ ಆರಿತು. ಚಾಪೆಯ ಮೇಲೆ ಯಾರೂ ಅಲ್ಲಾಡಲಿಲ್ಲ.

ಲೈನಿನ ಅಜ್ಜಿಯೊಬ್ಬರು ಮಧ್ಯಾಹ್ನ ಒಂದು ಸಲ ಬಂದರು, ಸಂಜೆ ಒಂದು ಸಲ ಬಂದರು. "ರೈಟ್ರೇ, ಕೃಷ್ಣ ಬಂದ್ನಾ?"

"ಬಂದೇ ಬರ್ತಾನಜ್ಜಿ. ಕತೆ ನಿಮಗೆ ಗೊತ್ತಿಲ್ವಾ?"

"ಕತೇಲಿ ಬರ್ತಾನೆ, ಗೊತ್ತು. ಟೀವೀಲಿ ಬಂದ್ನಾ?"

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಪಾಪ, ಆ ಹೆಂಗಸು ಅವತ್ತು ನಿದ್ದೆ ಮಾಡಿದ್ದು ಅನುಮಾನ.

ಸೋಮವಾರ ಸಾವುಕಾರರು ಬಂದು ಜೀಪಿಗೆ ಕೀಲಿ ಹಾಕಿದರು. ಜೀಪು ಒಂದು ಸಲ ಕೆಮ್ಮಲೂ ಇಲ್ಲ. ವಿಷಯ ತಿಳಿದು ಅವರು ಅಪ್ಪನನ್ನು ಬೈಯಲಿಲ್ಲ. ಕೆಲಸಕ್ಕೆ ನಿಂತಿದ್ದ ಆಳುಗಳ ಕಡೆ ತಿರುಗಿ, "ಯಾರೆಲ್ಲ ನೋಡಿದ್ರಿ?" ಅಂದರು. ಒಂದೊಂದಾಗಿ ಕೈ ಎದ್ದವು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. "ಹಾಗಾದ್ರೆ ನೂಕಿ." ಮಳೆಯಲ್ಲಿ, ಕೆಸರಿನಲ್ಲಿ, ಇಳಿಜಾರು ಸಿಗುವವರೆಗೆ ಎಲ್ಲರೂ ಸೇರಿ ಜೀಪು ನೂಕಿದರು. ಅಪ್ಪ ಮುಂದಿನಿಂದ. ಅಜ್ಜಿ ಪಕ್ಕದಲ್ಲಿ ನಡೆಯುತ್ತಾ ಸಾವುಕಾರರನ್ನೇ ಕೇಳಿದರಂತೆ: "ನಿಮ್ಮಲ್ಲಿ ಕರೆಂಟಿತ್ತಾ? ಕೃಷ್ಣ ಬಂದ್ನಾ?" ಬಂದ, ಸೀರೆ ಮುಗಿಯಲೇ ಇಲ್ಲ ಅಂತ ಅವರು ಹೇಳಿದ ಮೇಲೆ ಅಜ್ಜಿಯೂ ನೂಕಲು ಕೈ ಕೊಟ್ಟರು ಅಂತ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಆಟಿಕೆಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ, ಯಾಕೆಂದರೆ ಹೆಚ್ಚು ಇರಲಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಿಂದ ಬಂದ ಕೀ ಕೊಡುವ ಕೋತಿ ಒಂದು ಮಳೆಗಾಲಕ್ಕೇ ತುಕ್ಕು ಹಿಡಿದು, ಡೋಲನ್ನು ಒಂದೇ ಕೈಯಲ್ಲಿ ಬಡಿಯುತ್ತಿತ್ತು. ಎರಡನೇ ಮಳೆಗಾಲಕ್ಕೆ ಮೈಗೆಲ್ಲ ಬೂಷ್ಟು ಬಂದು ಮುದುಕನಾಯಿತು. ಚನ್ನಪಟ್ಟಣದ ಬುಗುರಿ ಮಾತ್ರ, ಅರಗಿನ ಬಣ್ಣವಲ್ವಾ, ಜಪ್ಪಯ್ಯ ಅನ್ನಲಿಲ್ಲ.

ನಿಜವಾದ ಆಟಿಕೆ ಬಿದಿರಿನ ಪೆಟ್ಲು. ಎಳೆ ಕಾಯಿ ತುರುಕಿ ಹಿಂದಿನಿಂದ ಕೋಲು ನೂಕಿದರೆ ಫಟ್ ಅಂತ ಹಾರುತ್ತದೆ. ಹಸಿರು ಕಾಫಿಕಾಯಿ ಅದಕ್ಕೆ ಹೇಳಿ ಮಾಡಿಸಿದ ಗುಂಡು. ಕಾಫಿಯ ಲೆಕ್ಕ ಬರೆಯುವವರ ಮಗ ಕಾಫಿಕಾಯಿಯಲ್ಲೇ ಯುದ್ಧ ಮಾಡಿದರೆ ಏನಾಗುತ್ತದೆ ಅಂತ ವಿವರಿಸುವ ಅಗತ್ಯ ಇಲ್ಲ.

ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಪಕ್ಕದ ಕೊಡವರ ಮನೆಗೆ ಹೋಗುತ್ತಿದ್ದೆ, ಅಲ್ಲಿಯ ಹುಡುಗ ನನ್ನ ಕ್ಲಾಸು. ಕೋವಿಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ. ನಾನು ನನ್ನ ಪೆಟ್ಲನ್ನೂ ಒರೆಸಿ ಸಾಲಿನ ಕೊನೆಗೆ ಇಟ್ಟೆ. ಆ ಮನೆಯ ಅಜ್ಜ ನೋಡಿದರು. ತೆಗೀ ಅನ್ನಲಿಲ್ಲ. ಒಂದು ಹೂವು ಅದಕ್ಕೂ ಸಿಕ್ಕಿಸಿದರು. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ. ದೊಡ್ಡವರದ್ದು ಮುಗಿದ ಮೇಲೆ ಅಜ್ಜ, "ಆ ಕೋವಿಯವನು ಬರಲಿ" ಅಂದರು. ಕಾಫಿಕಾಯಿ ತುರುಕಿ, ಒಂದು ಕಣ್ಣು ಮುಚ್ಚಿ ಹೊಡೆದೆ. ಫಟ್. ತೆಂಗಿನಕಾಯಿ ಇದ್ದಲ್ಲೇ ಇತ್ತು. ಎಲ್ಲ ನಕ್ಕರು. ಅಜ್ಜ ನಗಲಿಲ್ಲ.

"ಗುಂಡು ಸರಿಯಾಗೇ ಬಿತ್ತು ಮಾರಾಯ. ಅದಕ್ಕೆ ಗೊತ್ತಾಗಲಿಲ್ಲ, ಅಷ್ಟೇ."

ಕೊನೆಗೆ ಕ್ಯಾಸೆಟ್. ಮೈಸೂರಿನ ಚಿಕ್ಕಮ್ಮ ಅಂಗಡಿಗೆ ಪಟ್ಟಿ ಕೊಟ್ಟು ತುಂಬಿಸಿ ತಂದ ಅರವತ್ತು ನಿಮಿಷದ್ದು. ಒಂದು ಬದಿಗೆ ನಮ್ಮ ಸಿನಿಮಾ ಹಾಡು, ಇನ್ನೊಂದು ಬದಿಗೆ ಅಮ್ಮನ ದೇವರನಾಮ. ಆಗಸ್ಟ್‌ನಲ್ಲಿ ಟೇಪಿಗೂ ಬೂಷ್ಟು ಬಂತು. ಒಂದು ದಿನ ಟೇಪ್ ರೆಕಾರ್ಡರ್ ಅದನ್ನು ನೂಡಲ್ಸ್ ಥರ ನುಂಗಿತು. ಪೆನ್ಸಿಲ್ ತೂರಿಸಿ ಸುತ್ತುವ ವಿದ್ಯೆ ಎಲ್ಲರಿಗೂ ಗೊತ್ತು, ಬಿಡಿ. ಅಣ್ಣ ಅದಕ್ಕಿಂತ ಮುಂದೆ ಹೋದ. ಮುದುರಿದ ಭಾಗವನ್ನು ಕತ್ತರಿಸಿ ಎಸೆದು, ಎರಡು ತುದಿಗೆ ಅಮ್ಮನ ನೇಲ್ ಪಾಲಿಶ್ ಹಚ್ಚಿ ಅಂಟಿಸಿದ. ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಅವನು ಎಸೆದದ್ದು ನಾಲ್ಕು ಮೀಟರ್ ಅಂತಿಟ್ಟುಕೊಂಡರೂ ಹೆಚ್ಚುಕಮ್ಮಿ ಒಂದೂವರೆ ನಿಮಿಷ. ಎರಡನೇ ಚರಣ ಇಡಿಯಾಗಿ ಕಸದ ಬುಟ್ಟಿಗೆ ಹೋಯಿತು. ಹಾಡು ಮೊದಲ ಚರಣದ ನಡುವಿನಿಂದ ಟಕ್ ಅಂತ ಕೊನೆಯ ಆಲಾಪಕ್ಕೆ ಹಾರುತ್ತಿತ್ತು.

ಒಂದೇ ಟೇಪಿನಲ್ಲಿ ಎರಡೂ ಬದಿ ಇರುತ್ತದೆ ಅನ್ನೋದು ಅಣ್ಣನಿಗೆ ಹೊಳೆದಿರಲಿಲ್ಲ. ಶುಕ್ರವಾರ ಅಮ್ಮ ದೀಪ ಹಚ್ಚಿ ತನ್ನ ಬದಿ ಹಾಕಿದಳು. ಬಾ ಬಾ ಅಂತ ದೇವರನ್ನು ಕರೆಯುವ ಹಾಡು. ದೇವರು ಹೊಸ್ತಿಲು ದಾಟುವ ಮೊದಲೇ ಟಕ್ ಅಂತು, ಮಂಗಳಾರತಿ ಶುರುವಾಯಿತು. ಕರೆದು, ಕೂರಲೂ ಹೇಳದೆ ಕಳಿಸಿದ ಹಾಗಾಯಿತು. ಅಮ್ಮ ಅಣ್ಣನ ಕಡೆ ನೋಡಿದಳು. ಅವನ ಬೆರಳ ತುದಿ ಇನ್ನೂ ಕೆಂಪಗಿತ್ತು.

ಆ ಕ್ಯಾಸೆಟ್ಟನ್ನೇ ನಾವು ವರ್ಷಗಟ್ಟಲೆ ಕೇಳಿದೆವು. ಹೋದ ವರ್ಷ ಕುಶಾಲನಗರದಲ್ಲಿ ನೆಂಟರ ಮದುವೆ. ಆರ್ಕೆಸ್ಟ್ರಾದವರು ಯಾರಾದರೂ ಹಾಡಿ ಅಂದರು, ಹೆಂಡತಿ ನನ್ನನ್ನು ನೂಕಿದಳು. ಅದೇ ಹಾಡು ಹೇಳಿದೆ. ಪಲ್ಲವಿಗೆ ಚಪ್ಪಾಳೆ ಬಂತು. ಮೊದಲ ಚರಣಕ್ಕೆ ಸೋದರಮಾವ ಕಣ್ಣೊರೆಸಿಕೊಂಡರು. ನಾನು ಕಣ್ಣು ಮುಚ್ಚಿಕೊಂಡು, ಚರಣದ ನಡುವೆ, ಸರಿಯಾಗಿ ಅಣ್ಣ ಅಂಟಿಸಿದ ಜಾಗದಲ್ಲಿ, ಕೊನೆಯ ಆಲಾಪಕ್ಕೆ ಹಾರಿದೆ. ಕೀಬೋರ್ಡಿನವನು ಒಂದು ಕಡೆ ಹೋದ, ತಬಲಾದವನು ಇನ್ನೊಂದು ಕಡೆ ಹೋದ. ನನ್ನ ಆಲಾಪ ಒಂಟಿಯಾಗಿ ಛತ್ರದ ಮಾಡಿಗೆ ಏರಿತು. ಕಣ್ಣು ಬಿಟ್ಟೆ. ಇಡೀ ಛತ್ರ ಸುಮ್ಮನಿತ್ತು.

ಹಿಂದಿನ ಸಾಲಿನಿಂದ, ಊಟದ ಹಾಲಿನ ಬಾಗಿಲ ಹತ್ತಿರದಿಂದ, ಅಣ್ಣನ ದನಿ ಕೇಳಿಸಿತು.

"ಹೋಯ್ತು!"